ಒಂದು ವ್ಯೂಪೋರ್ಟ್‌ನಲ್ಲಿ ಮುಚ್ಚಿದ ಲೇಯರ್ ಎಲ್ಲ ಕಡೆ ಯಾಕೆ ಮಾಯವಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಉಡುಪಿ ಸಂತೆಕಟ್ಟೆ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಕೆಲಸ ಮಾಡುತ್ತೇನೆ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯಿತು. ಒಂದು ಮನೆಯ ಪ್ಲಾನ್‌ಗೆ ಫರ್ನಿಚರ್, ಎಲೆಕ್ಟ್ರಿಕಲ್, ಪ್ಲಂಬಿಂಗ್ ಅಂತ ಮೂರು ಶೀಟ್ ಕೊಡಬೇಕು. ಲೇಔಟ್‌ನಲ್ಲಿ, ಅಂದರೆ ಪ್ರಿಂಟಿಗೆ ಹೋಗುವ ಹಾಳೆಯಲ್ಲಿ, ಮೂರು ವ್ಯೂಪೋರ್ಟ್ (ಪ್ಲಾನ್ ಕಾಣಿಸುವ ಕಿಟಕಿ) ಮಾಡಿದೆ. ಎಲೆಕ್ಟ್ರಿಕಲ್ ವ್ಯೂಪೋರ್ಟ್ ಒಳಗೆ ಹೋಗಿ ಫರ್ನಿಚರ್ ಲೇಯರ್ (ಫರ್ನಿಚರಿನ ಗೆರೆಗಳಿರುವ ಪದರ) ಆಫ್ ಮಾಡಿದರೆ ಮೂರರಲ್ಲೂ ಮಾಯ! ಸದ್ಯ ಪ್ಲಾನನ್ನು ಮಾಡೆಲ್‌ನಲ್ಲಿ, ಅಂದರೆ ಮೂಲ ಡ್ರಾಯಿಂಗ್ ಬರೆಯುವ ಜಾಗದಲ್ಲಿ, ಮೂರು ಕಾಪಿ ಮಾಡಿಟ್ಟು ಕೆಲಸ ಸಾಗಿಸುತ್ತಿದ್ದೇನೆ. ಸರಿಯಾದ ದಾರಿ ಯಾವುದು?

ಉತ್ತರ:

ಮೊದಲನೆಯದು, ಆ ಮೂರು ಕಾಪಿಯಲ್ಲಿ ಎರಡು ಹೋಗಬೇಕು. ಈಗಲೇ ಅಳಿಸಬೇಡಿ, ಇದನ್ನು ಪೂರ್ತಿ ಓದಿ, ಫೈಲನ್ನು ಬೇರೆ ಹೆಸರಲ್ಲಿ ಒಮ್ಮೆ ಸೇವ್ ಮಾಡಿ, ಆಮೇಲೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ ನಾನೂ ನಿಮ್ಮ ಹಾಗೇ ಮಾಡಿದವನು. ಮಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯ ಪ್ಲಾನಿಗೆ ನಾಲ್ಕು ಕಾಪಿ ಇಟ್ಟಿದ್ದೆ. ಮನೆಯವರು ಬಂದು ಅಡುಗೆಕೋಣೆಯ ಬಾಗಿಲನ್ನು ಆಚೆ ಗೋಡೆಗೆ ಸರಿಸಿ ಅಂದರು. ಸರಿಸಿದೆ. ಮೂರು ಕಾಪಿಯಲ್ಲಿ. ನಾಲ್ಕನೆಯದು ಎಲೆಕ್ಟ್ರಿಷಿಯನ್‌ಗೆ ಹೋಗುವ ಶೀಟು, ಅದರಲ್ಲಿ ಬಾಗಿಲು ಹಳೇ ಜಾಗದಲ್ಲೇ ಉಳಿಯಿತು. ಅವರು ಶೀಟು ನೋಡಿಕೊಂಡು ಕೆಂಪುಕಲ್ಲಿನ ಗೋಡೆ ಕೊರೆದು ಸ್ವಿಚ್ ಬಾಕ್ಸ್ ಕೂರಿಸಿದರು. ಬಾಗಿಲು ಬಂದ ಮೇಲೆ ಗೊತ್ತಾಯಿತು, ಸ್ವಿಚ್ ಇರುವುದು ಬಾಗಿಲಿನ ಹಿಂದೆ. ದೀಪ ಹಾಕಬೇಕಾದರೆ ಒಳಗೆ ಹೋಗಿ, ಬಾಗಿಲು ಮುಚ್ಚಿ, ಆಮೇಲೆ ಕೈ ಹಾಕಬೇಕು! ಮತ್ತೆ ಕೊರೆದು ಬೇರೆ ಕಡೆ ಕೂರಿಸಿದ್ದಾಯಿತು, ಬೈಸಿಕೊಂಡದ್ದೂ ಆಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಒತ್ತಿದ್ದು ಬಲ್ಬ್ ಚಿತ್ರ ಅಲ್ವಾ? ಬಲ್ಬ್ ಅಂದರೆ ಆನ್-ಆಫ್. ಅದು ಇಡೀ ಫೈಲಿಗೆ ಸೇರಿದ್ದು. ನೀವು ವ್ಯೂಪೋರ್ಟ್ ಒಳಗೆ ನಿಂತು ಒತ್ತಿದರೂ, ಮಾಡೆಲ್‌ನಲ್ಲಿ ನಿಂತು ಒತ್ತಿದರೂ ಪರಿಣಾಮ ಒಂದೇ. ಅದರ ಪಕ್ಕದ ಸೂರ್ಯನ ಚಿತ್ರ, ಅಂದರೆ ಸಾದಾ ಫ್ರೀಜ್, ಲೇಯರನ್ನು ಮುಚ್ಚಿಡುವ ಇನ್ನೊಂದು ಬಗೆ, ಅದೂ ಇಡೀ ಫೈಲಿಗೇ. ನಿಮಗೆ ಬೇಕಾದದ್ದು ಮೂರನೆಯದು, ವಿಪಿ ಫ್ರೀಜ್, ಅಂದರೆ ವ್ಯೂಪೋರ್ಟ್ ಫ್ರೀಜ್. ಇದು ಮಾತ್ರ ನೀವು ಯಾವ ವ್ಯೂಪೋರ್ಟ್ ಒಳಗೆ ಇದ್ದೀರೋ ಅದಕ್ಕಷ್ಟೇ ತಾಗುತ್ತದೆ.

ಕೈಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಕಾಲದ ಹಿರಿಯರು ನಿಮ್ಮ ಆಫೀಸಲ್ಲಿ ಇದ್ದರೆ ಅವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಗೋಡೆಗಳ ಪ್ಲಾನ್ ಒಂದು ಹಾಳೆ. ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ ವೈರಿಂಗ್, ಇನ್ನೊಂದು ಟ್ರೇಸಿಂಗ್‌ನಲ್ಲಿ ಪೈಪು. ಯಾವ ಪ್ರಿಂಟ್ ಬೇಕೋ ಆ ಟ್ರೇಸಿಂಗನ್ನು ಮಾತ್ರ ಗೋಡೆಯ ಹಾಳೆಯ ಮೇಲೆ ಇಟ್ಟು ಅಮೋನಿಯಾ ಪ್ರಿಂಟ್ ತೆಗೆಯುವುದು. ವ್ಯೂಪೋರ್ಟ್ ಮಾಡುವುದೂ ಅದನ್ನೇ, ವಾಸನೆ ಒಂದು ಇಲ್ಲ. ಆಟೋಕ್ಯಾಡ್ 1982ರಲ್ಲೇ ಬಂದರೂ ಈ ಪೇಪರ್ ಸ್ಪೇಸ್, ಅಂದರೆ ಲೇಔಟಿನ ಹಾಳೆ, ಬಂದದ್ದು 1990ರ ರಿಲೀಸ್ 11ರಲ್ಲಿ. ಅದಕ್ಕೆ ಮೊದಲು ಕಲಿತವರಿಗೆ ಕಾಪಿ ಇಡುವುದೇ ಸುಲಭದ ದಾರಿ ಆಗಿತ್ತು. ಅವರು ಮುಂದಿನವರಿಗೆ ಕಲಿಸಿದರು, ಅವರು ನಮಗೆ ಕಲಿಸಿದರು. ಹಾಗೆ ಆ ಅಭ್ಯಾಸ ಇನ್ನೂ ನಡೆದುಕೊಂಡು ಬರುತ್ತಿದೆ, ಅಷ್ಟೇ.

ಮಾಡುವ ಕ್ರಮ ಹೀಗೆ. ಮೊದಲು ಎಲ್ಲವನ್ನೂ ಒಂದೇ ಪ್ಲಾನ್ ಮೇಲೆ ತನ್ನಿ. ಎರಡನೇ ಕಾಪಿಯಲ್ಲಿ ನೀವು ಹಾಕಿದ ಲೈಟು, ಸ್ವಿಚ್ಚು, ವೈರಿಂಗ್ ಇಷ್ಟನ್ನೇ ಆರಿಸಿ, ಮನೆಯ ಒಂದು ಮೂಲೆಯನ್ನು ಬೇಸ್ ಪಾಯಿಂಟ್ ಹಿಡಿದು, ಮೊದಲನೇ ಪ್ಲಾನಿನ ಅದೇ ಮೂಲೆಗೆ ಮೂವ್ ಮಾಡಿ. ಪ್ಲಂಬಿಂಗಿಗೂ ಹಾಗೆಯೇ. ಈ ಹೊತ್ತಿಗೆ ಮೂರು ಕಾಪಿಯ ಗೋಡೆಗಳು ಒಂದಕ್ಕೊಂದು ತಾಳೆಯಾಗದೆ ಇರುವುದು ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ಬೀಳುತ್ತದೆ. ಯಾವುದು ಸರಿ ಅಂತ ಈಗಲೇ ನೋಡಿಕೊಳ್ಳಿ.

ಆಮೇಲೆ ಎಲ್ಲ ಲೇಯರ್‌ಗಳೂ ಆನ್ ಇರಲಿ, ಎಲ್ಲದರ ಸೂರ್ಯನೂ ಬೆಳಗುತ್ತಿರಲಿ. ಮಾಡೆಲ್ ನೋಡಲು ಒಂದು ರಾಶಿಯ ಹಾಗೆ ಕಾಣುತ್ತದೆ, ಸೋಫಾದ ಮೇಲೆ ಫ್ಯಾನು, ಫ್ಯಾನಿನ ಮೇಲೆ ಪೈಪು. ಕಾಣಲಿ ಬಿಡಿ. ಇದು ಯಾಕೆ ಮುಖ್ಯ ಅಂದರೆ, ಲೇಯರ್ ಇಡೀ ಫೈಲಿನಲ್ಲಿ ಆಫ್ ಅಥವಾ ಫ್ರೀಜ್ ಆಗಿದ್ದರೆ ವ್ಯೂಪೋರ್ಟ್‌ನಲ್ಲಿ ನೀವು ಎಷ್ಟು ತಿಪ್ಪರಲಾಗ ಹಾಕಿದರೂ ಅದು ಕಾಣುವುದಿಲ್ಲ. ಮೇನ್ ಸ್ವಿಚ್ ಆಫ್ ಇದ್ದರೆ ಕೋಣೆಯ ಸ್ವಿಚ್ ಹಾಕಿ ಏನು ಬಂತು?

ಈಗ ಲೇಔಟಿಗೆ ಹೋಗಿ ಎಲೆಕ್ಟ್ರಿಕಲ್ ವ್ಯೂಪೋರ್ಟ್ ಒಳಗೆ ಡಬಲ್ ಕ್ಲಿಕ್ ಮಾಡಿ. ಅಂಚು ದಪ್ಪ ಆಗಬೇಕು. ಆಯಿತಾ ಅಂತ ನೋಡಿಯೇ ಮುಂದೆ ಹೋಗಿ. ನಂತರ ಎಲ್ ಎ ಅಂತ ಟೈಪ್ ಮಾಡಿ ಲೇಯರ್ ಪಟ್ಟಿ ತೆರೆಯಿರಿ. ವಿಪಿ ಫ್ರೀಜ್ ಅನ್ನುವ ಕಾಲಂ ಬಲಗಡೆ ತುಂಬಾ ದೂರದಲ್ಲಿ ಇರುತ್ತದೆ, ಅದರ ತಲೆಬರಹವೂ ಇಕ್ಕಟ್ಟಾಗಿ ಅರ್ಧ ಕತ್ತರಿಸಿ ಹೋಗಿರುತ್ತದೆ. ಜಾಸ್ತಿ ಜನ ಇದನ್ನು ಬಳಸದೆ ಇರುವುದಕ್ಕೆ ಅದು ಕಣ್ಣಿಗೇ ಬೀಳದಿರುವುದೇ ಕಾರಣ ಅಂತ ನನ್ನ ಅಂದಾಜು. ಆ ಕಾಲಮ್ಮನ್ನು ಎಳೆದು ಹೆಸರಿನ ಪಕ್ಕಕ್ಕೇ ತಂದು ಇಟ್ಟುಕೊಳ್ಳಿ. ಮಾಡೆಲ್ ಟ್ಯಾಬಿನಲ್ಲಿ ಈ ಕಾಲಂ ಕಾಣುವುದೇ ಇಲ್ಲ, ಲೇಔಟ್‌ನಲ್ಲಿ ಮಾತ್ರ. ಅದರ ಹತ್ತಿರವೇ ನ್ಯೂ ವಿಪಿ ಫ್ರೀಜ್ ಅಂತ ಇನ್ನೊಂದು ಇದೆ. ಅದು ಇನ್ನು ಮುಂದೆ ಹುಟ್ಟುವ ವ್ಯೂಪೋರ್ಟ್‌ಗಳಿಗೆ. ಎರಡನ್ನೂ ಕಲಸಿಕೊಳ್ಳಬೇಡಿ.

ಫರ್ನಿಚರ್ ಲೇಯರಿನ ಎದುರು ವಿಪಿ ಫ್ರೀಜ್ ಒತ್ತಿ. ಎಲೆಕ್ಟ್ರಿಕಲ್‌ನಲ್ಲಿ ಮಾತ್ರ ಸೋಫಾ ಹೋಯಿತು, ಉಳಿದ ಎರಡರಲ್ಲಿ ಇದೆ. ಅಷ್ಟೇ ವಿಷಯ ಮಾರಾಯ್ರೆ.

ಡಬಲ್ ಕ್ಲಿಕ್ ಮಾಡದೆ, ಅಂದರೆ ಪೇಪರ್ ಮೇಲೆಯೇ ನಿಂತು ವಿಪಿ ಫ್ರೀಜ್ ಒತ್ತಿದರೆ ಏನಾಗುತ್ತದೆ ಗೊತ್ತಾ? ವ್ಯೂಪೋರ್ಟ್ ಒಳಗೆ ಏನೂ ಆಗುವುದಿಲ್ಲ. ಆದರೆ ಆ ಲೇಯರಿನಲ್ಲಿ ಪೇಪರ್ ಮೇಲೆ ಬರೆದದ್ದು ಏನಾದರೂ ಇದ್ದರೆ ಅದು ಮಾಯವಾಗುತ್ತದೆ, ಯಾಕೆಂದರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಆ ಪೇಪರೂ ಒಂದು ವ್ಯೂಪೋರ್ಟೇ. ಟೈಟಲ್ ಬ್ಲಾಕ್ (ಹಾಳೆಯ ಮೇಲಿನ ಹೆಸರು, ವಿವರಗಳ ಚೌಕ) ಕಾಣೆಯಾಯಿತು ಅಂತ ಬೊಬ್ಬೆ ಹಾಕುವವರ ಕೇಸು ಎಷ್ಟೋ ಸಲ ಇದೇ ಆಗಿರುತ್ತದೆ.

ಮೂವತ್ತು ನಲವತ್ತು ಲೇಯರ್ ಇದ್ದರೆ ಒಂದೊಂದೇ ಒತ್ತುತ್ತಾ ಕೂರುವುದು ಬೇಜಾರು. ಅದಕ್ಕೆ ಲೇಯರ್ ಹೆಸರಿನಲ್ಲೇ ಶಿಸ್ತು ಬೇಕು. ಕಟ್ಟಡದ್ದೆಲ್ಲ ಎ ಅಕ್ಷರದಿಂದ, ಎಲೆಕ್ಟ್ರಿಕಲ್‌ನದ್ದು ಇ, ಪ್ಲಂಬಿಂಗಿನದ್ದು ಪಿ, ಫರ್ನಿಚರಿನದ್ದು ಎಫ್, ಹೀಗೆ ಮೊದಲಕ್ಷರ, ಆಮೇಲೆ ಒಂದು ಅಡ್ಡಗೆರೆ, ಆಮೇಲೆ ಹೆಸರು. ಹಾಗಿದ್ದರೆ ವಿಪಿಲೇಯರ್ ಅನ್ನುವ ಕಮಾಂಡ್ ಟೈಪ್ ಮಾಡಿ, ಫ್ರೀಜ್ ಆರಿಸಿ, ಇ ಅಕ್ಷರ, ಅಡ್ಡಗೆರೆ, ನಕ್ಷತ್ರ ಚಿಹ್ನೆ ಕೊಟ್ಟರೆ ಇಡೀ ಎಲೆಕ್ಟ್ರಿಕಲ್ ಗುಂಪು ಒಂದೇ ಏಟಿಗೆ ಫ್ರೀಜ್. ಈಗಿನ ವ್ಯೂಪೋರ್ಟಿಗೆ ಮಾತ್ರವೋ, ಎಲ್ಲದಕ್ಕೋ, ಆರಿಸಿದ್ದಕ್ಕೋ ಅಂತ ಅದೇ ಕೇಳುತ್ತದೆ. ಲೇಯರ್ ಒನ್, ಲೇಯರ್ ಟೂ, ನ್ಯೂ ಲೇಯರ್ ಅಂತ ಹೆಸರಿಟ್ಟವರಿಗೆ ಈ ಸುಖ ಇಲ್ಲ.

ಇನ್ನೊಂದು ಕಮಾಂಡ್ ನನಗೆ ಬಹಳ ಇಷ್ಟ. ಇಂಗ್ಲಿಷ್‌ನಲ್ಲಿ ಎಲ್ ಎ ವೈ ವಿ ಪಿ ಐ ಅಂತ ಅಕ್ಷರ ಜೋಡಿಸಿ ಟೈಪ್ ಮಾಡಿ. ವ್ಯೂಪೋರ್ಟ್ ಒಳಗೆ ನಿಂತು ಒಂದು ವಸ್ತುವನ್ನು ಮುಟ್ಟಿದರೆ ಅದರ ಲೇಯರ್ ಈ ವ್ಯೂಪೋರ್ಟ್ ಬಿಟ್ಟು ಉಳಿದೆಲ್ಲದರಲ್ಲಿ ಫ್ರೀಜ್ ಆಗುತ್ತದೆ. ಟಾಯ್ಲೆಟ್ ಡೀಟೇಲಿನ ಅಳತೆಗಳಿಗೆ ಇದು ಹೇಳಿಮಾಡಿಸಿದ್ದು. ಪ್ಲಾನ್ 1:100ರಲ್ಲಿ, ಟಾಯ್ಲೆಟ್ 1:20ರಲ್ಲಿ ಅಂತ ಇಟ್ಟುಕೊಳ್ಳಿ. 1:20ರ ಡೈಮೆನ್ಷನ್‌ಗಳು 1:100ರ ಪ್ಲಾನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತವೆ. ಅವನ್ನು ಬೇರೆ ಲೇಯರಿನಲ್ಲಿ ಹಾಕಿ, ಟಾಯ್ಲೆಟ್ ವ್ಯೂಪೋರ್ಟ್ ಒಳಗಿಂದ ಒಂದನ್ನು ಮುಟ್ಟಿ, ಮುಗಿಯಿತು. ಇದಕ್ಕೆ ಅನೊಟೇಟಿವ್ ಅನ್ನುವ ಇನ್ನೊಂದು ದಾರಿಯೂ ಇದೆ, ಅದರಲ್ಲಿ ಅಕ್ಷರ, ಅಳತೆಗಳ ಗಾತ್ರ ವ್ಯೂಪೋರ್ಟಿನ ಸ್ಕೇಲಿಗೆ ತಾನೇ ಹೊಂದಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಮೂರು ಜನರ ಆಫೀಸಿನಲ್ಲಿ ಒಬ್ಬರಿಗೆ ಅದು ಗೊತ್ತಿಲ್ಲದಿದ್ದರೂ ಫೈಲ್ ಗಲಿಬಿಲಿ ಆಗುತ್ತದೆ. ಮನೆ ಡ್ರಾಯಿಂಗಿಗೆ ಲೇಯರ್ ದಾರಿಯೇ ಸಾಕು ಅಂತ ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಒಂದು ಶೀಟನ್ನು ಸರಿಯಾಗಿ ಕೂರಿಸಿದ ಮೇಲೆ ಆ ಜೋಡಣೆಯನ್ನು ಲೇಯರ್ ಸ್ಟೇಟ್ ಆಗಿ ಹೆಸರು ಕೊಟ್ಟು ಉಳಿಸಿ. ವ್ಯೂಪೋರ್ಟ್ ಒಳಗೆ ನಿಂತೇ ಉಳಿಸಿ. ನಾಳೆ ಮೊದಲ ಮಹಡಿಗೆ ಎಲೆಕ್ಟ್ರಿಕಲ್ ಶೀಟ್ ಮಾಡುವಾಗ ಹೊಸ ವ್ಯೂಪೋರ್ಟ್ ಒಳಗೆ ಹೋಗಿ ಅದನ್ನು ರಿಸ್ಟೋರ್ ಮಾಡಿದರೆ ಆಯಿತು. ಇನ್ನೂ ಸುಲಭದ್ದು ಅಂದರೆ ಆ ವ್ಯೂಪೋರ್ಟನ್ನೇ ಕಾಪಿ ಮಾಡುವುದು, ಅಥವಾ ಇಡೀ ಲೇಔಟ್ ಟ್ಯಾಬನ್ನು ಕಾಪಿ ಮಾಡುವುದು. ಫ್ರೀಜ್ ಆದವೆಲ್ಲ ಹಾಗೇ ಬರುತ್ತವೆ. ನಾನು ದಿನನಿತ್ಯ ಮಾಡುವುದು ಇದನ್ನೇ. ಆದರೆ ಮ್ಯಾಚ್ ಪ್ರಾಪರ್ಟೀಸ್‌ನ ಬ್ರಷ್ ಹಿಡಿದು ಒಂದು ವ್ಯೂಪೋರ್ಟಿನಿಂದ ಇನ್ನೊಂದಕ್ಕೆ ಬಳಿಯಲು ಹೋಗಬೇಡಿ. ಸ್ಕೇಲು, ಲಾಕು ಎಲ್ಲ ಬರುತ್ತವೆ, ಲೇಯರ್ ಫ್ರೀಜ್ ಮಾತ್ರ ಬರುವುದಿಲ್ಲ. ಬಂತು ಅಂದುಕೊಂಡು ಪ್ರಿಂಟ್ ಕೊಟ್ಟಿರೋ, ಕೆಟ್ಟಿರಿ.

ಲಾಕ್ ಅಂದಾಗ ನೆನಪಾಯಿತು. ಲೇಯರ್ ಸರಿಪಡಿಸಲು ವ್ಯೂಪೋರ್ಟ್ ಒಳಗೆ ಹೋದಾಗ ಮೌಸಿನ ಚಕ್ರ ತಿರುಗಿಸಿದರೆ ಸ್ಕೇಲ್ ಹೋಯಿತು. ಸ್ಕೇಲ್ ಕೊಟ್ಟ ಕೂಡಲೇ ಡಿಸ್‌ಪ್ಲೇ ಲಾಕ್ ಹಾಕಿಬಿಡಿ, ಆಮೇಲೆ ಒಳಗೆ ಹೋಗಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಿರಿಕಿರಿ ಬಂದೇ ಬರುತ್ತದೆ. ಎಲ್ಲ ಶೀಟು ರೆಡಿ. ಆಗ ಮನೆಯವರು ಸಿಟೌಟಿಗೆ ಹೊಸದಾಗಿ ಫಾಲ್ಸ್ ಸೀಲಿಂಗ್ ಬೇಕು ಅನ್ನುತ್ತಾರೆ. ನೀವು ಹೊಸ ಲೇಯರ್ ಮಾಡಿ ಬರೆಯುತ್ತೀರಿ. ಅದು ಪ್ಲಂಬಿಂಗ್ ಶೀಟಿನಲ್ಲೂ, ಸೈಟ್ ಪ್ಲಾನಿನಲ್ಲೂ, ಎಲ್ಲ ಕಡೆ ಹಾಜರ್! ಹೊಸ ಲೇಯರ್ ಸಾಮಾನ್ಯವಾಗಿ ಎಲ್ಲ ವ್ಯೂಪೋರ್ಟಿನಲ್ಲಿ ಕಾಣುವ ಹಾಗೆಯೇ ಹುಟ್ಟುತ್ತದೆ. ಲೇಯರ್ ಪಟ್ಟಿಯ ಮೇಲ್ಗಡೆ, ಹೊಸ ಲೇಯರ್ ಬಟನ್ನಿನ ಪಕ್ಕದಲ್ಲೇ ಇನ್ನೊಂದು ಬಟನ್ ಇದೆ, ಅದರಿಂದ ಮಾಡಿದ ಲೇಯರ್ ಇರುವ ಎಲ್ಲ ವ್ಯೂಪೋರ್ಟ್‌ಗಳಲ್ಲೂ ಫ್ರೀಜ್ ಆಗಿಯೇ ಹುಟ್ಟುತ್ತದೆ. ಕೆಲಸದ ಕೊನೆಯ ಹಂತದಲ್ಲಿ ಯಾವಾಗಲೂ ಅದನ್ನೇ ಬಳಸಿ. ಬೇಕಾದ ಒಂದು ವ್ಯೂಪೋರ್ಟಿಗೆ ಹೋಗಿ ಥಾ ಮಾಡಿದರೆ, ಅಂದರೆ ಫ್ರೀಜ್ ಬಿಡಿಸಿದರೆ, ಸಾಕು.

ಮುಚ್ಚುವುದಷ್ಟೇ ಅಲ್ಲ, ಬಣ್ಣವನ್ನೂ ಒಂದು ವ್ಯೂಪೋರ್ಟಿಗೆ ಮಾತ್ರ ಬದಲಿಸಬಹುದು. ಆಟೋಕ್ಯಾಡ್ 2008ರಿಂದ ಇದು ಇದೆ. ಎಲೆಕ್ಟ್ರಿಕಲ್ ಶೀಟಿನಲ್ಲಿ ಗೋಡೆ ತೆಳ್ಳಗೆ ಬೂದುಬಣ್ಣದಲ್ಲಿ ಇದ್ದು ವೈರಿಂಗ್ ಮಾತ್ರ ಎದ್ದು ಕಂಡರೆ ಸೈಟಿನಲ್ಲಿ ಓದುವವರಿಗೆ ಎಷ್ಟು ಸುಲಭ ನೋಡಿ. ಅದರಲ್ಲೂ ಮಳೆಗಾಲದಲ್ಲಿ ಒದ್ದೆಯಾದ ಎ3 ಪ್ರಿಂಟನ್ನು ಮಬ್ಬು ಬೆಳಕಿನಲ್ಲಿ ಹಿಡಿದು ನೋಡುವವರಿಗೆ. ವಿಪಿ ಕಲರ್ ಕಾಲಮ್ಮಿನಲ್ಲಿ ಗೋಡೆಯ ಲೇಯರಿಗೆ ಬೂದು ಕೊಡಿ. ಹಾಗೆ ಬದಲಿಸಿದ ಲೇಯರಿನ ಸಾಲು ಪಟ್ಟಿಯಲ್ಲಿ ಬೇರೆ ಹಿನ್ನೆಲೆ ಬಣ್ಣದಲ್ಲಿ ಕಾಣುತ್ತದೆ. ಬೇಡವಾದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಓವರ್‌ರೈಡ್ ತೆಗೆಯಬಹುದು. ಬಣ್ಣ ಬದಲಾಗುತ್ತಿಲ್ಲ ಅಂದರೆ ಯಾರೋ ಆ ಗೆರೆಗೆ ನೇರವಾಗಿ ಬಣ್ಣ ಕೊಟ್ಟಿದ್ದಾರೆ ಅಂತ ಅರ್ಥ. ಬಣ್ಣ ಬೈಲೇಯರ್ ಇದ್ದರೆ ಮಾತ್ರ ಅದು ಲೇಯರಿನ ಮಾತು ಕೇಳುತ್ತದೆ. ಸೆಟ್‌ಬೈಲೇಯರ್ ಅನ್ನುವ ಕಮಾಂಡ್ ಅದನ್ನು ಸರಿ ಮಾಡುತ್ತದೆ.

ಬ್ಲಾಕ್‌ಗಳದ್ದು (ಹಲವು ಗೆರೆ ಸೇರಿಸಿ ಒಂದೇ ವಸ್ತುವಾಗಿ ಮಾಡಿದ್ದು) ಸ್ವಲ್ಪ ತಲೆ ತಿನ್ನುವ ವಿಷಯ, ನಿಧಾನ ಓದಿ. ಒಂದು ಮಂಚದ ಬ್ಲಾಕ್ ಇದೆ. ಅದರ ಒಳಗಿನ ಗೆರೆಗಳಲ್ಲಿ ಕೆಲವು ಸೊನ್ನೆ ಲೇಯರಿನಲ್ಲಿ, ಹಾಸಿಗೆಯ ಗೆರೆಗಳು ಮಾತ್ರ ಇನ್ಯಾವುದೋ ಲೇಯರಿನಲ್ಲಿ. ಇಡೀ ಬ್ಲಾಕನ್ನು ನೀವು ಫರ್ನಿಚರ್ ಲೇಯರಿನಲ್ಲಿ ಇನ್ಸರ್ಟ್ ಮಾಡಿದ್ದೀರಿ. ಫರ್ನಿಚರ್ ಲೇಯರನ್ನು ಆಫ್ ಮಾಡಿದರೆ ಮಂಚ ಹೋಗುತ್ತದೆ, ಹಾಸಿಗೆ ಗಾಳಿಯಲ್ಲಿ ಉಳಿಯುತ್ತದೆ. ಫ್ರೀಜ್ ಮಾಡಿದರೆ ಮಂಚ ಹಾಸಿಗೆ ಎರಡೂ ಹೋಗುತ್ತವೆ. ವಿಪಿ ಫ್ರೀಜೂ ಹಾಗೆಯೇ, ಇನ್ಸರ್ಟ್ ಆದ ಲೇಯರ್ ಫ್ರೀಜ್ ಆದರೆ ಬ್ಲಾಕ್ ಪೂರ್ತಿ ಹೋಗುತ್ತದೆ. ಉಲ್ಟಾ ಕೇಸೂ ಇದೆ, ಫರ್ನಿಚರ್ ಫ್ರೀಜ್ ಮಾಡಿದರೂ ಒಂದು ಕುರ್ಚಿ ಹೋಗುತ್ತಿಲ್ಲ ಅಂದರೆ ಆ ಕುರ್ಚಿ ಗೋಡೆಯ ಲೇಯರಿನಲ್ಲಿ ಇನ್ಸರ್ಟ್ ಆಗಿದೆ, ಒಳಗಿನ ಗೆರೆಯೂ ಫರ್ನಿಚರ್ ಲೇಯರಿನಲ್ಲಿ ಇಲ್ಲ. ಆರಿಸಿ ಲೇಯರ್ ಬದಲಿಸಿ.

ಆಫ್ ಬಗ್ಗೆ ನನಗೆ ಇನ್ನೊಂದು ಸಿಟ್ಟು ಇದೆ. ಆಫ್ ಆದ ಲೇಯರಿನ ವಸ್ತುಗಳು ಕಾಣುವುದಿಲ್ಲ, ಆದರೆ ಇರೇಸ್ ಕೊಟ್ಟು ಆಲ್ ಅಂತ ಟೈಪ್ ಮಾಡಿದರೆ ಅವೂ ಆಯ್ಕೆಯಾಗಿ ಅಳಿದು ಹೋಗುತ್ತವೆ. ಫ್ರೀಜ್ ಆದವು ಹಾಗೆ ಹೋಗುವುದಿಲ್ಲ. ಕಾಣದ ಹಾಗೆ ಇಡಬೇಕಿದ್ದರೆ ಫ್ರೀಜೇ ವಾಸಿ. ಬಲ್ಬನ್ನು ನಾನು ಬಳಸುವುದು ಎರಡು ನಿಮಿಷ ಕಣ್ಣಿಗೆ ಅಡ್ಡ ಬರುವುದನ್ನು ಸರಿಸಲಿಕ್ಕೆ ಮಾತ್ರ.

ವ್ಯೂಪೋರ್ಟಿನ ಚೌಕಟ್ಟು ಪ್ರಿಂಟಿನಲ್ಲಿ ಬರಬಾರದು ಅಂತ ಅದರ ಲೇಯರನ್ನು ಫ್ರೀಜ್ ಮಾಡುವವರು ಇದ್ದಾರೆ. ಚೌಕದ ವ್ಯೂಪೋರ್ಟ್ ಆದರೆ ಪರವಾಗಿಲ್ಲ, ಅಂಚು ಹೋಗಿ ಒಳಗಿನದ್ದು ಉಳಿಯುತ್ತದೆ. ಆದರೆ ನಮ್ಮ ಕಡೆಯ ಜಾಗಗಳು ಎಲ್ಲಿ ಚೌಕ ಇರುತ್ತವೆ? ಗದ್ದೆಯ ಹುಣಿ (ಬದು) ಹೇಗೆ ಬಾಗಿತ್ತೋ ಜಾಗವೂ ಹಾಗೇ ಬಾಗಿರುತ್ತದೆ. ಸೈಟ್ ಪ್ಲಾನಿಗೆ ಪಾಲಿಲೈನ್ ಎಳೆದು ಸೊಟ್ಟ ವ್ಯೂಪೋರ್ಟ್ ಮಾಡಿದ್ದರೆ, ಅದರ ಅಂಚಿನ ಲೇಯರ್ ಫ್ರೀಜ್ ಆದ ಕೂಡಲೇ ಆ ಕತ್ತರಿಕೆ ಹೋಗಿಬಿಡುತ್ತದೆ, ಪಕ್ಕದ ಮನೆಯ ಬಾವಿಯೂ ನಿಮ್ಮ ಶೀಟಿನಲ್ಲಿ ಬಂದು ಕೂರುತ್ತದೆ. ಫ್ರೀಜ್ ಬಿಟ್ಟು ಆಫ್ ಮಾಡಿದರೆ ಕತ್ತರಿಕೆ ಉಳಿಯುತ್ತದೆ, ಬಲ್ಬ್ ಉಪಯೋಗಕ್ಕೆ ಬರುವ ಜಾಗ ಇದೊಂದು. ನಾನಂತೂ ಎರಡೂ ಮಾಡುವುದಿಲ್ಲ. ವ್ಯೂಪೋರ್ಟ್‌ಗಳಿಗೆ ಅಂತಲೇ ಒಂದು ಲೇಯರ್, ಅದರ ಪ್ಲಾಟ್ ಕಾಲಮ್ಮಿನಲ್ಲಿ ಪ್ರಿಂಟರ್ ಚಿತ್ರಕ್ಕೆ ಅಡ್ಡಗೀಟು. ಸ್ಕ್ರೀನಿನಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಅಳತೆ ಹಾಕಿದಾಗ ಆಟೋಕ್ಯಾಡ್ ತಾನೇ ಮಾಡುವ ಡೆಫ್‌ಪಾಯಿಂಟ್ಸ್ ಲೇಯರಿನಲ್ಲಿ ಹಾಕಿದರೂ ಪ್ರಿಂಟ್ ಆಗುವುದಿಲ್ಲ, ಆದರೆ ಆ ಲೇಯರನ್ನು ಮುಟ್ಟದೆ ಇರುವುದೇ ಒಳ್ಳೆಯದು. ತಪ್ಪಿ ಅದರಲ್ಲಿ ನಾಲ್ಕು ಗೋಡೆ ಬರೆದವರನ್ನು ನೋಡಿದ್ದೇನೆ, ಸ್ಕ್ರೀನಿನಲ್ಲಿ ಮನೆ ಪೂರ್ತಿ, ಪ್ರಿಂಟಿನಲ್ಲಿ ಅರ್ಧ.

ಸ್ಟ್ರಕ್ಚರಲ್ ಎಂಜಿನಿಯರ್ ಕಳಿಸಿದ ಫೈಲನ್ನು ಎಕ್ಸ್‌ರೆಫ್ ಆಗಿ, ಅಂದರೆ ಹೊರಗಿನ ಫೈಲಾಗಿಯೇ ಜೋಡಿಸಿ, ತಂದಿದ್ದರೆ ಅದರ ಲೇಯರ್‌ಗಳು ಪಟ್ಟಿಯಲ್ಲಿ ಫೈಲಿನ ಹೆಸರು, ನಡುವೆ ಒಂದು ನೆಟ್ಟಗಿನ ಗೀಟು, ಆಮೇಲೆ ಲೇಯರ್ ಹೆಸರು, ಹೀಗೆ ಬರುತ್ತವೆ. ಅವನ್ನೂ ಇದೇ ರೀತಿ ವಿಪಿ ಫ್ರೀಜ್ ಮಾಡಬಹುದು. ನೀವು ಮಾಡಿದ್ದೆಲ್ಲ ಫೈಲ್ ಮತ್ತೆ ತೆರೆದಾಗ ಹಾರಿಹೋಗುತ್ತಿದ್ದರೆ ವಿಸ್‌ರೀಟೇನ್ (VISRETAIN) ಅನ್ನುವ ಸಿಸ್ಟಮ್ ವೇರಿಯಬಲ್, ಅಂದರೆ ಸೆಟ್ಟಿಂಗ್, 0 ಆಗಿದೆಯಾ ನೋಡಿ, 1 ಮಾಡಿ.

ಏನಾದರೂ ಕಾಣೆಯಾದಾಗ ನಾನು ಹುಡುಕುವ ರೀತಿ ಹೇಳುತ್ತೇನೆ. ಮಾಡೆಲ್‌ಗೆ ಹೋಗಿ ಅದು ಅಲ್ಲಿ ಇದೆಯಾ ನೋಡುತ್ತೇನೆ. ಅಲ್ಲೂ ಇಲ್ಲ ಅಂದರೆ ಬಲ್ಬು, ಇಲ್ಲವೇ ಸಾದಾ ಫ್ರೀಜ್. ಅಲ್ಲಿ ಇದೆ, ಒಂದೇ ವ್ಯೂಪೋರ್ಟಿನಲ್ಲಿ ಇಲ್ಲ ಅಂದರೆ ವಿಪಿ ಫ್ರೀಜ್. ಲೇಯರ್ ಸರಿಯಿದ್ದೂ ಅಕ್ಷರ ಅಥವಾ ಅಳತೆ ಮಾತ್ರ ಕಾಣುತ್ತಿಲ್ಲ ಅಂದರೆ ಅದು ಅನೊಟೇಟಿವ್ ಇರಬಹುದು, ಈ ವ್ಯೂಪೋರ್ಟಿನ ಸ್ಕೇಲ್ ಅದಕ್ಕೆ ಸೇರಿಸಿಲ್ಲ. ವ್ಯೂಪೋರ್ಟೇ ಪೂರ್ತಿ ಖಾಲಿ ಇದ್ದರೆ ಪ್ರಾಪರ್ಟೀಸ್ ತೆರೆದು ಅದು ಆನ್ ಇದೆಯಾ ನೋಡಿ. ಸ್ಕ್ರೀನಿನಲ್ಲಿ ಇದ್ದು ಪ್ರಿಂಟಿನಲ್ಲಿ ಇಲ್ಲ ಅಂದರೆ ಪ್ಲಾಟ್ ಕಾಲಂ. ಸುಮ್ನೆ ಎಲ್ಲ ಬಟನ್ ಒತ್ತುತ್ತಾ ಹೋದರೆ ಒಂದು ಸಿಕ್ಕಿ ಎರಡು ಕಳೆದುಹೋಗುತ್ತವೆ.

ಕೊನೆಗೆ ನಿಮ್ಮ ಫೈಲಿನ ವಿಷಯ. ಪ್ಲಂಬಿಂಗ್ ಶೀಟಿನಲ್ಲಿ ಬಾವಿ, ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಮೂರೂ ಕಾಣುತ್ತಿರಲಿ. ಅವು ಸೈಟ್ ಪ್ಲಾನಿನ ಲೇಯರಿನಲ್ಲಿ ಇರುತ್ತವಲ್ಲ, ಆ ಗುಂಪನ್ನು ಇಡಿಯಾಗಿ ಫ್ರೀಜ್ ಮಾಡಿದರೆ ಪೈಪು ಎಲ್ಲಿಗೆ ಹೋಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಬಾವಿಗೂ ಗುಂಡಿಗೂ ಎಷ್ಟು ದೂರ ಇದೆ ಅಂತ ಮೇಸ್ತ್ರಿ ನೋಡುವುದು ಆ ಶೀಟಿನಲ್ಲೇ. ಸೂರಿನ ಅಂಚಿನ ಗೆರೆಯನ್ನೂ ಅಲ್ಲಿ ಇಟ್ಟುಕೊಳ್ಳಿ, ಮಳೆನೀರಿನ ಪೈಪು ಇಳಿಯುವುದು ಅದರ ಲೆಕ್ಕದಲ್ಲಿ. ಫರ್ನಿಚರ್ ಶೀಟಿನಲ್ಲಿ ಅದು ಬೇಡ.

ಇಷ್ಟು ಮಾಡಿ, ಅಡುಗೆಕೋಣೆಯ ಬಾಗಿಲನ್ನು ಬೇಕಂತಲೇ ಒಂದಡಿ ಸರಿಸಿ ಮೂರು ಶೀಟಿನ ಪಿಡಿಎಫ್ ತೆಗೆದು ನೋಡಿ. ಮೂರರಲ್ಲೂ ಸರಿದಿದ್ದರೆ ಹಳೇ ಕಾಪಿಗಳನ್ನು ಅಳಿಸಬಹುದು. ಬಾಗಿಲನ್ನು ವಾಪಸ್ ಅದರ ಜಾಗಕ್ಕೆ ತರಲು ಮರೆಯಬೇಡಿ.